ಹಳೇ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕಂಪನಿಗಳು ಐದಾರು ವರ್ಷ ದುಡಿಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಕಂಪ್ಯೂಟರುಗಳು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಅಂಗಡಿಗಳವರೆಗೆ ಎಲ್ಲ ಕಡೆ ಸಿಗುತ್ತವೆ. ಗಟ್ಟಿಮುಟ್ಟಾದ ಯಂತ್ರಗಳು. ಗೇಮಿಗೋ ವಿಡಿಯೋ ಎಡಿಟಿಂಗಿಗೋ ಒಂದು ಗ್ರಾಫಿಕ್ಸ್ ಕಾರ್ಡ್ ಹಾಕೋಣ ಎಂದು ಹೊರಟಾಗ ತೊಡಕು ಶುರುವಾಗುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ ಇದ್ದುದರಿಂದ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ನನ್ನದು ಡೆಲ್ ಆಪ್ಟಿಪ್ಲೆಕ್ಸ್ 7010 ಮಿನಿ ಟವರ್. ಐ5 3470, 8 ಜಿಬಿ ರ‍್ಯಾಮ್. ಜಿಟಿಎಕ್ಸ್ 1650 ಕಾರ್ಡ್ ಹಾಕಿದೆ. ಕಾರ್ಡಿನ ಫ್ಯಾನ್ ತಿರುಗುತ್ತದೆ, ಆದರೆ ಮಾನಿಟರಿನಲ್ಲಿ ‘ನೋ ಸಿಗ್ನಲ್’. ಕಾರ್ಡ್ ತೆಗೆದರೆ ಮೊದಲಿನಂತೆ ಓಡುತ್ತದೆ. ಮಾನಿಟರ್ ಹಳೆಯದು, ವಿಜಿಎ ಮಾತ್ರ ಇದೆ. ಕಾರ್ಡಿನ ಡಿವಿಐಗೆ ಸಣ್ಣ ಕನ್ವರ್ಟರ್ ಸಿಕ್ಕಿಸಿ ವಿಜಿಎ ಕೇಬಲ್ ಹಾಕಿದ್ದೇನೆ. ಅಂಗಡಿಯವರು ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಸಾಲದು ಅನ್ನುತ್ತಾರೆ. ಕಾರ್ಡ್ ಹೋಗಿದೆಯೇ? (ದಾವಣಗೆರೆಯ ಓದುಗರು)

ಉತ್ತರ: ಕಾರ್ಡನ್ನೂ ಬೈಯಬೇಡಿ, ಎಸ್‌ಎಂಪಿಎಸ್ಸನ್ನೂ ಬದಲಿಸಬೇಡಿ. ನಮ್ಮ ಅನುಮಾನ ಆ ಪುಟ್ಟ ಕನ್ವರ್ಟರ್ ಮೇಲೆ. 2016ರಲ್ಲಿ ಬಂದ ಜಿಟಿಎಕ್ಸ್ 10 ಸರಣಿಯಿಂದ ಈಚೆಗೆ ಎನ್‌ವಿಡಿಯಾ ಕಾರ್ಡುಗಳಿಂದ ಅನಲಾಗ್ ಸಿಗ್ನಲ್ ಹೊರಬರುವುದೇ ಇಲ್ಲ. ವಿಜಿಎ ಮಾನಿಟರಿಗೆ ಬೇಕಿರುವುದು ಅದೇ ಅನಲಾಗ್. ಕಾರ್ಡಿನ ಡಿವಿಐ ಕಿಂಡಿಯನ್ನು ಟಾರ್ಚ್ ಹಿಡಿದು ನೋಡಿ: ಒಂದು ಬದಿಯಲ್ಲಿ ಚಪ್ಪಟೆ ಸೀಳು ಇರುತ್ತದೆ, ಅದರ ಮೇಲೆ ಕೆಳಗೆ ಎರಡೆರಡು ತೂತು ಇರುವುದಿಲ್ಲ. ಆ ನಾಲ್ಕು ತೂತುಗಳಲ್ಲೇ ಹಿಂದೆ ಅನಲಾಗ್ ಬರುತ್ತಿತ್ತು. ಹಳೆಯ ಕನ್ವರ್ಟರಿನ ನಾಲ್ಕು ಪಿನ್ ಕಿತ್ತು ಒತ್ತಿ ಕೂರಿಸಿದರೂ ಚಿತ್ರ ಬಾರದು. ಒಳಗೆ ಚಿಪ್ ಇರುವ, ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಬೇಕು. ಅದನ್ನು ಕೊಳ್ಳುವ ಮೊದಲು ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಎಳೆದು ನೋಡಿ. ಟಿವಿಯಲ್ಲಿ ಡೆಲ್ ಲೋಗೋ ಬಂದರೆ ಅಲ್ಲಿಗೆ ಸಮಸ್ಯೆ ಮುಗಿಯಿತು.

ಟಿವಿಯೂ ಕಪ್ಪಾಗಿಯೇ ಇದ್ದರೆ ಮುಂದೆ ಹೀಗೆ ಹೋಗಿ. ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿದು ಒಳಗೆ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. 7010ರಲ್ಲಿ ಒಂದೇ ಉದ್ದದ ಎರಡು ಸ್ಲಾಟ್‌ಗಳಿವೆ, ನೀಲಿ ಒಂದು, ಕಪ್ಪು ಒಂದು. ನೀಲಿಯದು ಪೂರ್ತಿ 16 ಲೇನ್ (ಮಾಹಿತಿ ಹರಿಯುವ ದಾರಿ). ಕಪ್ಪು ಸ್ಲಾಟ್ ನೋಡಲು ಅಷ್ಟೇ ಉದ್ದವಿದ್ದರೂ ಒಳಗೆ 4 ಲೇನ್ ಮಾತ್ರ. ಕಾರ್ಡ್ ನೀಲಿಯಲ್ಲೇ ಇರಬೇಕು. ಈ ಕ್ಯಾಬಿನೆಟ್ಟುಗಳಲ್ಲಿ ಪದೇಪದೇ ಆಗುವ ತಪ್ಪೆಂದರೆ, ಕಾರ್ಡಿನ ತಗಡಿನ ಬ್ರಾಕೆಟ್ ಕೆಳತುದಿ ಹಿಂಬದಿಯ ಸೀಳಿನೊಳಗೆ ಇಳಿಯದೆ ತಗಡಿಗೆ ಒರಗಿ ನಿಂತುಬಿಡುತ್ತದೆ. ಆಗ ಕಾರ್ಡಿನ ಮುಂತುದಿ ಕೂತಿರುತ್ತದೆ, ಹಿಂತುದಿ ಒಂದೆರಡು ಮಿಲಿಮೀಟರ್ ಎದ್ದಿರುತ್ತದೆ. ಫ್ಯಾನಿಗೆ ಕರೆಂಟು ಸಿಗುತ್ತದೆ, ಹಾಗಾಗಿ ತಿರುಗುತ್ತದೆ. ಮಾತುಕತೆ ಮಾತ್ರ ನಡೆಯುವುದಿಲ್ಲ. ಬದಿಯಿಂದ ಕಣ್ಣಿಟ್ಟು ನೋಡಿದರೆ ಕಾರ್ಡಿನ ಅಂಚು ಸ್ಲಾಟಿಗೆ ಉದ್ದಕ್ಕೂ ಒಂದೇ ಸಮನಾಗಿರಬೇಕು. ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಶ್ಶಿನಿಂದ ಪೂರ್ತಿ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ರಬ್ಬರ್ ಪುಡಿ ಸ್ಲಾಟಿನೊಳಗೆ ಬಿದ್ದರೆ ಇದ್ದದ್ದಕ್ಕಿಂತ ದೊಡ್ಡ ತಲೆನೋವು.

ಕಾರ್ಡಿನ ಮೇಲಂಚಿನಲ್ಲಿ 6 ಪಿನ್ನಿನ ಪವರ್ ಸಾಕೆಟ್ ಇದೆಯೇ ನೋಡಿ. ಜಿಟಿಎಕ್ಸ್ 1650ರಲ್ಲಿ ಸ್ಲಾಟಿನ ವಿದ್ಯುತ್ತಿನಲ್ಲೇ ಓಡುವ ಮಾದರಿಗಳೂ ಇವೆ, ಪ್ರತ್ಯೇಕ 6 ಪಿನ್ ಬೇಡುವ ಮಾದರಿಗಳೂ ಇವೆ. ನಿಮ್ಮದು ಎರಡನೆಯ ಜಾತಿಯಾದರೆ 7010ರ ಎಸ್‌ಎಂಪಿಎಸ್‌ನಲ್ಲಿ ಆ ಕೇಬಲ್ ಇಲ್ಲ. ಕಾರ್ಡನ್ನು ಬದಲಾಯಿಸಿಕೊಳ್ಳುವುದೇ ಸರಿ.

ಯಂತ್ರ ಬೀಪ್ ಮಾಡುತ್ತಿದ್ದರೆ ಎಣಿಸಿ. ಡೆಲ್‌ನಲ್ಲಿ 6 ಬೀಪ್ ಎಂದರೆ ವಿಡಿಯೋ ಕಾರ್ಡಿನ ದೋಷ. ಆ ಕಾಲದ ಎಚ್‌ಪಿ ಕಚೇರಿ ಯಂತ್ರಗಳಲ್ಲೂ ಪವರ್ ದೀಪ ಕೆಂಪಾಗಿ 6 ಸಲ ಮಿನುಗಿ 6 ಬೀಪ್ ಬಂದರೆ ಅದೇ ಅರ್ಥ. ಡೆಲ್‌ನಲ್ಲಿ 2 ಅಥವಾ 4 ಬೀಪ್ ಬಂದರೆ ಅದು ರ‍್ಯಾಮಿನ ದೂರು. ಕಾರ್ಡ್ ಒತ್ತುವಾಗ ರ‍್ಯಾಮ್ ಅಲುಗಾಡಿರಬಹುದು, ಕಿತ್ತು ಮತ್ತೆ ಹಾಕಿ.

ಇಷ್ಟಕ್ಕೂ ಬಗ್ಗದಿದ್ದರೆ ಕಾರ್ಡ್ ತೆಗೆದು, ಮಾನಿಟರನ್ನು ಮದರ್‌ಬೋರ್ಡಿನ ವಿಜಿಎಗೆ ಹಾಕಿ, ಆನ್ ಮಾಡುತ್ತಲೇ ಎಫ್2 ಒತ್ತಿ ಬಯಾಸ್‌ಗೆ (ಯಂತ್ರ ಆನ್ ಆದಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಹೋಗಿ. ವಿಡಿಯೋ ವಿಭಾಗದಲ್ಲಿ ಪ್ರೈಮರಿ ಡಿಸ್‌ಪ್ಲೇ ‘ಆಟೋ’ ಇರಲಿ. ಬಯಾಸ್ ಆವೃತ್ತಿ ಹಳೆಯದಾಗಿದ್ದರೆ ಡೆಲ್ ತಾಣದಲ್ಲಿ ನಿಮ್ಮ ಯಂತ್ರದ ಸರ್ವಿಸ್ ಟ್ಯಾಗ್ ಕೊಟ್ಟು ಕೊನೆಯ ಆವೃತ್ತಿ ಇಳಿಸಿಕೊಳ್ಳಿ. ಅದಕ್ಕಿಂತ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ, ಇಲ್ಲದಿದ್ದರೆ ಮುಂದಿನ ಸಲ ರಿಕವರಿ ಕೀ ಕೇಳುತ್ತದೆ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಬಯಾಸ್ ಬರೆಯುವ ನಡುವೆ ಕರೆಂಟು ಹೋದರೆ ಬೋರ್ಡೇ ಸತ್ತಂತೆ. ಹಾಗೆಯೇ ಬೋರ್ಡಿನ ಮೇಲಿನ ಸಿಆರ್2032 ಸೆಲ್ ಬದಲಿಸಿ. ಹತ್ತು ವರ್ಷದ ಸೆಲ್ ಸೋತಿರುತ್ತದೆ, ಸೆಟ್ಟಿಂಗ್ ಉಳಿಯುವುದಿಲ್ಲ. ಪ್ಲಗ್ ಕಿತ್ತು ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹೊಸದನ್ನು ಹಾಕಿದರೆ ಬಯಾಸ್ ತನ್ನ ಮೂಲ ಸ್ಥಿತಿಗೂ ಬರುತ್ತದೆ.

ಇನ್ನು ಅಂಗಡಿಯವರ ಮಾತು. 7010 ಮಿನಿ ಟವರಿನ ಎಸ್‌ಎಂಪಿಎಸ್ 275 ವ್ಯಾಟ್. ನಿಮ್ಮ ಪ್ರೊಸೆಸರ್ 77 ವ್ಯಾಟ್, 6 ಪಿನ್ ಇಲ್ಲದ ಕಾರ್ಡ್ ಹೆಚ್ಚೆಂದರೆ 75, ಬೋರ್ಡು, ರ‍್ಯಾಮ್, ಡಿಸ್ಕು, ಫ್ಯಾನುಗಳಿಗೆ 40ರಿಂದ 50. ಎಲ್ಲ ಸೇರಿ 200ರ ಆಸುಪಾಸು. ಸಾಕು. ವಿದ್ಯುತ್ ಸಾಲದಿದ್ದರೆ ರೋಗಲಕ್ಷಣವೇ ಬೇರೆ: ವಿಂಡೋಸ್ ಚೆನ್ನಾಗಿ ಬರುತ್ತದೆ, ಗೇಮ್ ತೆರೆದು ಕಾರ್ಡಿಗೆ ಭಾರ ಬಿದ್ದ ಕ್ಷಣ ಯಂತ್ರ ಆರಿಹೋಗುತ್ತದೆ ಅಥವಾ ರೀಸ್ಟಾರ್ಟ್ ಆಗುತ್ತದೆ. ಆನ್ ಮಾಡಿದಾಗಿನಿಂದಲೇ ಕಪ್ಪಾಗಿರುವುದು ಹೆಚ್ಚಾಗಿ ಕೇಬಲ್, ಕೂರಿಸಿದ ರೀತಿ ಅಥವಾ ಬಯಾಸ್ ದೋಷ. ಕೊನೆಯದಾಗಿ ಗೆಳೆಯರ ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಅಲ್ಲೂ ಬರದಿದ್ದರೆ ಮಾತ್ರ ಕಾರ್ಡ್ ಹೋಗಿದೆ ಎನ್ನಬಹುದು.

ಪ್ರಶ್ನೆ: ಆಪ್ಟಿಪ್ಲೆಕ್ಸ್ 9020 ಮಿನಿ ಟವರಿಗೆ 8 ಪಿನ್ ಬೇಡುವ ಕಾರ್ಡ್ ಸಿಕ್ಕಿದೆ. ಸಾಟಾ ಪವರನ್ನು (ಡಿಸ್ಕಿಗೆ ಹೋಗುವ ವಿದ್ಯುತ್ ಪ್ಲಗ್) 8 ಪಿನ್ನಿಗೆ ಬದಲಿಸುವ ಅಡಾಪ್ಟರ್ ಸಾಕೇ, ಅಥವಾ ಬೇರೆ ಎಸ್‌ಎಂಪಿಎಸ್ ಹಾಕಲೇ? (ಹಾಸನದ ಓದುಗರು)

ಉತ್ತರ: ಅಡಾಪ್ಟರ್ ಬೇಡ. ಇದನ್ನು ಒತ್ತಿ ಹೇಳುತ್ತೇವೆ, ಏಕೆಂದರೆ ಇಲ್ಲಿ ತಪ್ಪಿದರೆ ಪ್ಲಾಸ್ಟಿಕ್ ಕರಗಿ ಬೆಂಕಿ ಹೊತ್ತಿಕೊಳ್ಳಬಹುದು. ಒಂದು ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿನ ಪಿನ್ ಮೂರು, ಪ್ರತಿಯೊಂದಕ್ಕೂ 1.5 ಆಂಪಿಯರ್ ಮಿತಿ. ಒಟ್ಟು 4.5 ಆಂಪಿಯರ್, ಅಂದರೆ 54 ವ್ಯಾಟ್. 6 ಪಿನ್ ಕನೆಕ್ಟರ್ ಕೊಡಬೇಕಾದದ್ದು 75, 8 ಪಿನ್ ಕನೆಕ್ಟರ್ 150 ವ್ಯಾಟ್. 9020ರಲ್ಲಿ ಇನ್ನೊಂದು ಅಪಾಯ ಸೇರಿಕೊಂಡಿದೆ: ಇದರಲ್ಲಿ ಡಿಸ್ಕಿನ ಸಾಟಾ ಪವರ್ ಎಸ್‌ಎಂಪಿಎಸ್‌ನಿಂದ ನೇರ ಬರುವುದಿಲ್ಲ, ಮದರ್‌ಬೋರ್ಡಿನ ಮೂಲಕ ಬರುತ್ತದೆ. ಎರಡು ಡಿಸ್ಕಿಗೆಂದು ಮಾಡಿದ ಬೋರ್ಡಿನ ತಾಮ್ರದ ಗೆರೆಗಳ ಮೇಲೆ ಗ್ರಾಫಿಕ್ಸ್ ಕಾರ್ಡಿನ ಭಾರ ಹಾಕಿದಂತಾಗುತ್ತದೆ.

ಎಸ್‌ಎಂಪಿಎಸ್ ಬದಲಿಸಬಹುದು, ಆದರೆ ಅಂಗಡಿಯ ಮಾಮೂಲಿ ಎಸ್‌ಎಂಪಿಎಸ್‌ನ 24 ಪಿನ್ ಪ್ಲಗ್ ಇದಕ್ಕೆ ಕೂರುವುದಿಲ್ಲ. 7010ರವರೆಗೆ ಡೆಲ್ ಮಿನಿ ಟವರುಗಳಲ್ಲಿ ಮಾಮೂಲಿ 24 ಪಿನ್ ಇತ್ತು. 9020ರ ಬೋರ್ಡಿಗೆ ಡೆಲ್‌ನದೇ 8 ಪಿನ್ (ಇದು ಕಾರ್ಡಿನ 8 ಪಿನ್ ಅಲ್ಲ). ಹಾಗಾಗಿ ‘24ರಿಂದ ಡೆಲ್ 8 ಪಿನ್’ ಅಡಾಪ್ಟರ್ ಬೇಕು. ಸಿಪಿಯು ಪಕ್ಕದ 4 ಪಿನ್ ಪ್ಲಗ್ ಮಾತ್ರ ನೇರವಾಗಿ ಕೂರುತ್ತದೆ. ಅಡಾಪ್ಟರ್ ಕೇಳುವಾಗ ಕಂಪನಿಯ ಹೆಸರು ಮತ್ತು ಮಾದರಿ ಎರಡನ್ನೂ ಹೇಳಿ. ಎಚ್‌ಪಿಯ 6 ಪಿನ್, ಲೆನೊವೊದ 14 ಪಿನ್ ಬೇರೆ ಬೇರೆ ಜೋಡಣೆ. ಒಂದರ ಜಾಗಕ್ಕೆ ಇನ್ನೊಂದನ್ನು ತುರುಕಿದರೆ ಬೋರ್ಡ್ ಸುಟ್ಟುಹೋಗುತ್ತದೆ.

ಹೊಸ ಎಸ್‌ಎಂಪಿಎಸ್ ಕೊಳ್ಳುವಾಗ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ 450, 500 ನೋಡಿ ಮಾರುಹೋಗಬೇಡಿ. ಬದಿಯ ಸ್ಟಿಕ್ಕರಿನ ಕೋಷ್ಟಕದಲ್ಲಿ +12 ವೋಲ್ಟ್ ಎಂಬ ಅಂಕಣ ಇರುತ್ತದೆ. ಅಲ್ಲಿ ಬರೆದ ಆಂಪಿಯರನ್ನು 12ರಿಂದ ಗುಣಿಸಿ. 18 ಆಂಪಿಯರ್ ಎಂದಿದ್ದರೆ 216 ವ್ಯಾಟ್, ಅಷ್ಟೇ ಅದರ ನಿಜವಾದ ಶಕ್ತಿ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟಿನಿಂದಲೇ. ಹಳೆಯ ಡೆಲ್, ಎಚ್‌ಪಿ ಎಸ್‌ಎಂಪಿಎಸ್‌ನ 290 ವ್ಯಾಟ್ ಎಷ್ಟೋ ಅಗ್ಗದ ‘500’ಕ್ಕಿಂತ ಹೆಚ್ಚು ನಂಬಿಕಸ್ತ. 150 ವ್ಯಾಟಿನ ಕಾರ್ಡಿಗೆ 12 ವೋಲ್ಟಿನಲ್ಲಿ 30 ಆಂಪಿಯರಿಗೆ ಕಡಿಮೆ ಇಲ್ಲದ, ಕಾರ್ಡಿನ ಕೇಬಲ್ ತನ್ನಲ್ಲೇ ಇರುವ ಎಸ್‌ಎಂಪಿಎಸ್ ತೆಗೆದುಕೊಳ್ಳಿ. ಕಾರ್ಡಿನ ಉದ್ದವನ್ನೂ ಅಳೆಯಿರಿ. ಮುಂಬದಿಯ ಹಾರ್ಡ್ ಡಿಸ್ಕ್ ಗೂಡಿಗೆ ತಾಗಿದರೆ ಇಷ್ಟೆಲ್ಲ ಖರ್ಚು ದಂಡ.

ಪ್ರಶ್ನೆ: ನಮ್ಮದು ತೆಳ್ಳಗಿನ ಎಸ್‌ಎಫ್‌ಎಫ್ ಕ್ಯಾಬಿನೆಟ್. ಯಾವ ಕಾರ್ಡ್ ಹಿಡಿಸುತ್ತದೆ? (ಶಿರಸಿಯ ಓದುಗರು)

ಉತ್ತರ: ಲೋ ಪ್ರೊಫೈಲ್ ಮಾತ್ರ. ಮಾಮೂಲಿ ಕಾರ್ಡಿನ ಬ್ರಾಕೆಟ್ ಸುಮಾರು 12 ಸೆಂಟಿಮೀಟರ್ ಎತ್ತರ, ಲೋ ಪ್ರೊಫೈಲಿನದು ಸುಮಾರು 8. ಸೆಕೆಂಡ್ ಹ್ಯಾಂಡ್ ಕಾರ್ಡಿನ ಜೊತೆ ಗಿಡ್ಡ ಬ್ರಾಕೆಟ್ ಇದೆಯೇ ಎಂದು ಮೊದಲೇ ಕೇಳಿ. ಎಷ್ಟೋ ಸಲ ಹಿಂದಿನವರು ಅದನ್ನು ಬಿಸಾಕಿರುತ್ತಾರೆ. ಮುಖ್ಯವಾಗಿ ಉದ್ದದ ಸ್ಲಾಟ್ ಎಲ್ಲಿದೆ ನೋಡಿ. ಅದು ಎಸ್‌ಎಂಪಿಎಸ್‌ಗೆ ಅಂಟಿಕೊಂಡಂತಿದ್ದರೆ ಎರಡು ಸ್ಲಾಟ್ ದಪ್ಪದ ಕಾರ್ಡ್ ಕೂರುವುದಿಲ್ಲ, ಒಂದು ಸ್ಲಾಟಿನದ್ದೇ ಬೇಕು.

ಒಂದು ಸ್ಲಾಟಿನಲ್ಲಿ: ಜಿಟಿ 1030, 30 ವ್ಯಾಟ್. ಇದರಲ್ಲಿ ಜಿಡಿಡಿಆರ್5 ಮಾದರಿಯನ್ನೇ ಕೇಳಿ. ಅದರ ಮೆಮೊರಿ ವೇಗ ಸೆಕೆಂಡಿಗೆ 48 ಜಿಬಿ; ಅದೇ ಹೆಸರಿನ ಡಿಡಿಆರ್4 ಮಾದರಿಯದು 17 ಜಿಬಿಯೂ ಇಲ್ಲ. ಎನ್‌ವಿಡಿಯಾ ಟಿ400, ಟಿ600, ಟಿ1000 ಕ್ರಮವಾಗಿ 30, 40, 50 ವ್ಯಾಟ್. ಇವು ಕಚೇರಿ ಕೆಲಸದ ಕಾರ್ಡುಗಳು, ಮಿನಿ ಡಿಸ್‌ಪ್ಲೇ ಪೋರ್ಟ್ ಮಾತ್ರ ಇರುವುದರಿಂದ ಕೇಬಲ್ಲಿಗೂ ದುಡ್ಡಿಟ್ಟುಕೊಳ್ಳಿ. ಎರಡು ಸ್ಲಾಟಿಗೆ ಜಾಗವಿದ್ದರೆ ಜಿಟಿಎಕ್ಸ್ 1650 ಲೋ ಪ್ರೊಫೈಲ್, ಅಥವಾ 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. ಎರಡನೆಯದು 70 ವ್ಯಾಟ್. ನಮ್ಮ ಮಟ್ಟಿಗೆ ಎಸ್‌ಎಫ್‌ಎಫ್‌ನಲ್ಲಿ 50 ವ್ಯಾಟ್ ದಾಟದಿರುವುದೇ ಲೇಸು. ಗಾಳಿಗೆ ದಾರಿ ಇಲ್ಲದ ಆ ಪೆಟ್ಟಿಗೆಯಲ್ಲಿ ಏಪ್ರಿಲ್ ತಿಂಗಳ ಬಿಸಿಲಿಗೆ ಕಾರ್ಡ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ 4 ಜಿಬಿ ತಂದೆ. ಡ್ರೈವರ್ (ಕಾರ್ಡನ್ನು ಓಡಿಸುವ ತಂತ್ರಾಂಶ) ಹಾಕಿದರೆ ಡಿವೈಸ್ ಮ್ಯಾನೇಜರಿನಲ್ಲಿ ‘ಕೋಡ್ 43’ ಎಂಬ ದೋಷ. ವಿಜಿಎ ಪೋರ್ಟ್ ಇದೆ ಎಂದೇ ಆರಿಸಿಕೊಂಡಿದ್ದೆ. (ಹುಬ್ಬಳ್ಳಿಯ ಓದುಗರು)

ಉತ್ತರ: ಬೇಸರದ ಸುದ್ದಿ: ಆ ವಿಜಿಎ ಪೋರ್ಟೇ ಸಾಕ್ಷಿ, ಇದು ನಕಲಿ ಇರಬೇಕು. ಮೇಲೆ ಹೇಳಿದಂತೆ 10 ಸರಣಿಯ ಚಿಪ್ಪಿನಲ್ಲಿ ಅನಲಾಗ್ ಇಲ್ಲ. ಹತ್ತು ವರ್ಷಕ್ಕೂ ಹಳೆಯ ಜಿಟಿಎಸ್ 450, ಜಿಟಿಎಕ್ಸ್ 550 ಟಿಐ ಚಿಪ್ಪುಗಳ ಬಯಾಸ್ ತಿದ್ದಿ, ಹೊಸ ಹೆಸರು ಬರೆದು ಮಾರುವ ದಂಧೆ ಇದೆ. ವಿಂಡೋಸ್ ಹೆಸರನ್ನು ನಂಬುತ್ತದೆ, ಡ್ರೈವರ್ ಚಿಪ್ಪನ್ನು ಮಾತಾಡಿಸಿದಾಗ ಬಣ್ಣ ಬಯಲಾಗಿ 43 ಬರುತ್ತದೆ.

ಖಚಿತಪಡಿಸಿಕೊಳ್ಳಲು ಜಿಪಿಯು-ಝೆಡ್ ಎಂಬ ಉಚಿತ ತಂತ್ರಾಂಶ ತೆರೆಯಿರಿ. 2018ರ ನಂತರದ ಆವೃತ್ತಿಗಳು ಇಂಥ ಕಾರ್ಡಿನ ಹೆಸರಿನ ಮುಂದೆ ‘ಫೇಕ್’ ಎಂದೇ ತೋರಿಸುತ್ತವೆ. ಅಸಲಿ 1050 ಟಿಐ ಆದರೆ ಚಿಪ್ ಜಿಪಿ107, ಶೇಡರ್ 768, ಮೆಮೊರಿ ಬಸ್ 128 ಬಿಟ್. ಆ ಪರದೆಯ ಚಿತ್ರ ತೆಗೆದುಕೊಂಡು ಮಾರಿದವರ ಬಳಿ ಹೋಗಿ ಹಣ ಕೇಳಿ. ಮೂಲ ಬಯಾಸ್ ಹುಡುಕಿ ಬರೆದರೆ ಅದು ಹಳೆಯ ಕಾರ್ಡಾಗಿ ಓಡೀತು, ಆದರೆ ಆ ಶ್ರಮಕ್ಕೆ ತಕ್ಕ ಫಲವಿಲ್ಲ.

ಕೋಡ್ 43 ಬಂದ ಕಾರ್ಡೆಲ್ಲ ನಕಲಿ ಅಲ್ಲ. ಅಸಲಿಯಾಗಿದ್ದರೆ ವಿಂಡೋಸನ್ನು ಸೇಫ್ ಮೋಡಿನಲ್ಲಿ ತೆರೆದು ಡಿಡಿಯು ತಂತ್ರಾಂಶದಿಂದ ಹಳೆ ಡ್ರೈವರುಗಳನ್ನು ಬೇರುಸಹಿತ ತೆಗೆದು, ಇಂಟರ್ನೆಟ್ ಕೇಬಲ್ ಕಿತ್ತಿಟ್ಟು ಹೊಸದಾಗಿ ಹಾಕಿ. ಕೇಬಲ್ ಕೀಳದಿದ್ದರೆ ವಿಂಡೋಸ್ ನಡುವೆ ಬಂದು ತನ್ನದೊಂದು ಡ್ರೈವರ್ ಹಾಕಿಬಿಡುತ್ತದೆ. ಮುಂದೆ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅಂಗಡಿಯಲ್ಲೇ ಜಿಪಿಯು-ಝೆಡ್ ತೆರೆಸಿ, ಹತ್ತು ನಿಮಿಷ ಭಾರ ಹಾಕಿ ಓಡಿಸಿ, ಆಮೇಲೆ ದುಡ್ಡು ಎಣಿಸಿ. ಪಿ106 ಎಂಬ ಹೆಸರಿನ ಅಗ್ಗದ ಕಾರ್ಡ್ ತೋರಿಸಿದರೆ ಹಿಂಬದಿ ನೋಡಿ: ಕ್ರಿಪ್ಟೊ ಗಣಿಗಾರಿಕೆಗೆಂದು ಮಾಡಿದ ಅದಕ್ಕೆ ಮಾನಿಟರ್ ಪೋರ್ಟೇ ಇಲ್ಲ.

ಪ್ರಶ್ನೆ: ಐ3 3220 ಇರುವ ಯಂತ್ರಕ್ಕೆ ಎಎಂಡಿ ಆರ್‌ಎಕ್ಸ್ 6400 ಹಾಕಿದೆ. ವಿಡಿಯೋಗಳಲ್ಲಿ ತೋರಿಸುವ ಅರ್ಧದಷ್ಟೂ ವೇಗ ಇಲ್ಲ, ನಡುನಡುವೆ ನಿಂತು ನಿಂತು ಓಡುತ್ತದೆ. (ಕುಂದಾಪುರದ ಓದುಗರು)

ಉತ್ತರ: ಕಾರ್ಡ್ ಚೆನ್ನಾಗಿದೆ, ದಾರಿ ಕಿರಿದು. ಆರ್‌ಎಕ್ಸ್ 6400ರ ಅಂಚು 16 ಲೇನಿನಷ್ಟು ಉದ್ದ ಕಂಡರೂ ಅದು ಬಳಸುವುದು 4 ಲೇನ್ ಮಾತ್ರ. ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡನ್ನೂ ಬೋರ್ಡನ್ನೂ ಜೋಡಿಸುವ ಸ್ಲಾಟಿನ ವ್ಯವಸ್ಥೆ) 4.0 ಇರುವ ಹೊಸ ಬೋರ್ಡಿನಲ್ಲಿ ಅಷ್ಟರಲ್ಲೇ ಸೆಕೆಂಡಿಗೆ ಸುಮಾರು 8 ಜಿಬಿ ಹರಿಯುತ್ತದೆ. 3.0ರಲ್ಲಿ 4 ಜಿಬಿ, 2.0ರಲ್ಲಿ ಕೇವಲ 2. ನಿಮ್ಮ ಐ3 3220 ಮೂರನೇ ತಲೆಮಾರಿನದಾದರೂ ಅದು ಕೊಡುವುದು 2.0 ಮಾತ್ರ, ಅದೇ ತಲೆಮಾರಿನ ಐ5, ಐ7ಗಳಲ್ಲಿ 3.0 ಇದೆ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಗೇಮ್ ಆ ಕಿರಿದಾರಿಯಲ್ಲಿ ರ‍್ಯಾಮಿಗೆ ಓಡಾಡತೊಡಗುತ್ತದೆ. ನಿಂತು ನಿಂತು ಓಡುವುದು ಆಗಲೇ.

ಟೆಕ್ಸ್ಚರ್ ಗುಣಮಟ್ಟ ತಗ್ಗಿಸಿ ಮೆಮೊರಿ ಬಳಕೆಯನ್ನು ಮೂರೂವರೆ ಜಿಬಿಯೊಳಗೆ ಇಟ್ಟರೆ ಇವತ್ತೇ ವ್ಯತ್ಯಾಸ ಕಾಣುತ್ತದೆ. ಮುಂದೆ ಬೋರ್ಡ್ 7 ಸರಣಿಯ ಚಿಪ್‌ಸೆಟ್ಟಿನದಾಗಿದ್ದರೆ, ಉದಾಹರಣೆಗೆ ಕ್ಯೂ77, ಸೆಕೆಂಡ್ ಹ್ಯಾಂಡ್ ಐ5 3470 ಅಥವಾ ಐ7 3770 ಹಾಕಿ. ಸಾಕೆಟ್ ಅದೇ ಎಲ್‌ಜಿಎ 1155. ದಾರಿಯ ಅಗಲವೂ ಎರಡು ಪಟ್ಟು, ಕೋರ್‌ಗಳೂ ಎರಡರಿಂದ ನಾಲ್ಕು. ಲೇನ್ ಎಷ್ಟಿದೆ ಎಂದು ಜಿಪಿಯು-ಝೆಡ್‌ನ ಬಸ್ ಇಂಟರ್‌ಫೇಸ್ ಸಾಲಿನಲ್ಲಿ ನೋಡಬಹುದು. ಸುಮ್ಮನಿದ್ದಾಗ ಕಾರ್ಡ್ ವಿದ್ಯುತ್ ಉಳಿಸಲು 1.1 ಎಂದು ತೋರಿಸಿದರೆ ಗಾಬರಿಯಾಗಬೇಡಿ, ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಭಾರ ಹಾಕಿದಾಗ ನಿಜ ಗೊತ್ತಾಗುತ್ತದೆ.

ಈ ಕಾರ್ಡಿನಲ್ಲಿ ವಿಡಿಯೋ ಎನ್‌ಕೋಡರ್ (ವಿಡಿಯೋ ಕುಗ್ಗಿಸಿ ಉಳಿಸುವ ಭಾಗ) ಇಲ್ಲ ಎಂಬುದೂ ಗೊತ್ತಿರಲಿ. ಗೇಮ್ ರೆಕಾರ್ಡ್ ಮಾಡಿದರೆ ಆ ಭಾರವೆಲ್ಲ ಬಡಪಾಯಿ ಐ3 ಮೇಲೆಯೇ. ಹಳೇ ಯಂತ್ರಕ್ಕೆ ಇಂಟೆಲ್ ಆರ್ಕ್ ಎ380 ಕೂಡ ಹೊಂದುವುದಿಲ್ಲ: ರೀಸೈಜೆಬಲ್ ಬಾರ್ (ಪ್ರೊಸೆಸರಿಗೆ ಕಾರ್ಡಿನ ಮೆಮೊರಿಯೆಲ್ಲ ಒಟ್ಟಿಗೆ ಸಿಗುವ ಸೌಲಭ್ಯ) ಇಲ್ಲದ ಬೋರ್ಡಿನಲ್ಲಿ ಅದರ ವೇಗ ಕುಸಿಯುತ್ತದೆ.

ಪ್ರಶ್ನೆ: ಫೋಟೋ ಸ್ಟುಡಿಯೊ ಇದೆ. ಐ7 4790, 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. ಮದುವೆ ಆಲ್ಬಂ ವಿನ್ಯಾಸವೂ ವಿಡಿಯೋ ಎಡಿಟಿಂಗೂ ನಿಧಾನ ಎಂದು ಜಿಟಿಎಕ್ಸ್ 1650 ಹಾಕಿಸಿದೆ. ಹೆಚ್ಚೇನೂ ಬದಲಾಗಲಿಲ್ಲ. (ತುಮಕೂರಿನ ಓದುಗರು)

ಉತ್ತರ: ಆಲ್ಬಂ ಕೆಲಸಕ್ಕೆ ಬೇಕಾದದ್ದು ರ‍್ಯಾಮ್ ಮತ್ತು ಎಸ್‌ಎಸ್‌ಡಿ. ಪದರದ ಮೇಲೆ ಪದರ ಇರುವ ದೊಡ್ಡ ಪುಟ ತೆರೆದಾಗ 8 ಜಿಬಿ ತುಂಬಿ ಫೋಟೋಶಾಪ್ ಹಾರ್ಡ್ ಡಿಸ್ಕಿಗೆ ಬರೆಯತೊಡಗುತ್ತದೆ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು, ನೂರೈವತ್ತು ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ ಐನೂರಕ್ಕೂ ಮೇಲೆ. ರ‍್ಯಾಮನ್ನು 16ಕ್ಕೆ ಏರಿಸಿ, ಎರಡು 8 ಜಿಬಿ ತುಂಡುಗಳಾಗಿ.

ವಿಡಿಯೋದ ವಿಷಯ ಬೇರೆ. ನಿಮ್ಮ ಕ್ಯಾಮೆರಾ ಎಚ್.265ರಲ್ಲಿ (ವಿಡಿಯೋ ಕುಗ್ಗಿಸುವ ಒಂದು ವಿಧಾನ) 4:2:2 10 ಬಿಟ್, ಅಂದರೆ ಬಣ್ಣದ ವಿವರ ಹೆಚ್ಚಿರುವ ಬಗೆಯಲ್ಲಿ, ಚಿತ್ರೀಕರಿಸುತ್ತಿದೆಯೇ ನೋಡಿ. ಆ ಬಗೆಯನ್ನು ಬಿಚ್ಚುವ ಯಂತ್ರಾಂಶ ಜಿಟಿಎಕ್ಸ್ 1650ರಲ್ಲಿ ಇಲ್ಲ. ಎನ್‌ವಿಡಿಯಾ ಅದನ್ನು ತಂದದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ. ಕಾರ್ಡ್ ಸುಮ್ಮನಿರುತ್ತದೆ, ಪ್ರೊಸೆಸರ್ ಏದುಸಿರು ಬಿಡುತ್ತದೆ. ಕ್ಯಾಮೆರಾದಲ್ಲಿ 4:2:0ಗೆ ಇಳಿಸಿ, ಅಥವಾ ಎಡಿಟಿಂಗ್ ತಂತ್ರಾಂಶದಲ್ಲಿ ರಾತ್ರಿ ಪ್ರಾಕ್ಸಿ (ಎಡಿಟಿಂಗಿಗೆಂದು ಮಾಡುವ ಹಗುರ ಪ್ರತಿ) ಮಾಡಲು ಬಿಟ್ಟು ಬೆಳಿಗ್ಗೆ ಕೆಲಸ ಮಾಡಿ. ಕೊನೆಯ ರೆಂಡರ್ ಮೂಲ ಫೈಲಿನಿಂದಲೇ ಆಗುವುದರಿಂದ ಗುಣಮಟ್ಟ ಕೆಡುವುದಿಲ್ಲ.

ಪ್ರಶ್ನೆ: ಕಾರ್ಡ್ ಹಾಕಿದ ಮೇಲೆ ಕರೆಂಟು ಹೋದರೆ ಯುಪಿಎಸ್ ತಡೆಯುವುದೇ ಇಲ್ಲ, ಕಂಪ್ಯೂಟರ್ ತಕ್ಷಣ ಆಫ್. (ಮಂಡ್ಯದ ಓದುಗರು)

ಉತ್ತರ: 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್, ಅದೂ ಬ್ಯಾಟರಿ ಹೊಸದಿದ್ದಾಗ. ಮೊದಲು 80 ವ್ಯಾಟ್ ಎಳೆಯುತ್ತಿದ್ದ ಯಂತ್ರ ಈಗ ಗೇಮಿನ ನಡುವೆ ಮಾನಿಟರ್ ಸೇರಿ 230 ಎಳೆಯುತ್ತದೆ. ಮೂರು ವರ್ಷದ 12 ವೋಲ್ಟ್ 7 ಎಎಚ್ ಬ್ಯಾಟರಿಗೆ ಆ ಭಾರ ಎತ್ತಲಾಗದು. ಬ್ಯಾಟರಿ ಬದಲಿಸಿ ನೋಡಿ. ಡೆಸ್ಕ್‌ಟಾಪಿನಲ್ಲಿ ಸುಮ್ಮನಿರುವಾಗ ತಡೆದು ಗೇಮಿನಲ್ಲಿ ಮಾತ್ರ ಆಫ್ ಆದರೆ 1 ಕೆವಿಎ ಯುಪಿಎಸ್‌ಗೆ ಏರುವುದೇ ದಾರಿ.

ಪ್ರಶ್ನೆ: ಈಗ ಜಿಟಿಎಕ್ಸ್ 1050 ಟಿಐ ಕೊಳ್ಳಬಹುದೇ? ಡ್ರೈವರ್ ನಿಂತಿದೆ ಎನ್ನುತ್ತಾರೆ. (ವಿಜಯಪುರದ ಓದುಗರು)

ಉತ್ತರ: ಪೂರ್ತಿ ನಿಂತಿಲ್ಲ. 900 ಮತ್ತು 10 ಸರಣಿಯ ಕಾರ್ಡುಗಳಿಗೆ ಹೊಸ ಗೇಮುಗಳಿಗೆಂದು ಬರುತ್ತಿದ್ದ ಡ್ರೈವರುಗಳನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿದೆ. ಭದ್ರತಾ ತಿದ್ದುಪಡಿಗಳು 2028ರ ಅಕ್ಟೋಬರ್‌ವರೆಗೆ ಬರಲಿವೆ. ಈಗಾಗಲೇ ಇರುವವರು ಚಿಂತಿಸಬೇಕಿಲ್ಲ. ಹೊಸದಾಗಿ ದುಡ್ಡು ಹಾಕುವವರು ಸ್ವಲ್ಪ ಹೆಚ್ಚು ಕೊಟ್ಟು 1650 ತೆಗೆದುಕೊಳ್ಳುವುದು ಮೇಲು. ಅದೂ 75 ವ್ಯಾಟಿನದ್ದೇ, ಡ್ರೈವರ್ ಇನ್ನೂ ಬರುತ್ತಿದೆ. ಲಿನಕ್ಸ್ ಬಳಸುವವರು 1050 ಟಿಐಗೆ 580 ಸರಣಿಯ ಡ್ರೈವರಿನಲ್ಲೇ ನಿಲ್ಲಬೇಕು; ಅದರ ಮುಂದಿನ ಸರಣಿಯನ್ನು ಹಾಕಿದರೆ ಕಾರ್ಡ್ ಗುರುತು ಸಿಗುವುದಿಲ್ಲ.